ಅರವತ್ತು ದಿನಗಳ ಲೆಕ್ಕ ಕೇಳೋಣ

ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಹೆಂಗಸರಲ್ಲಿ ಐದು ವರ್ಷ ಕಳೆದ ಮೇಲೂ ಬದುಕಿರುವವರು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು. ಭಾರತದಲ್ಲಿ 66. ಇದು ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಲೆಕ್ಕ. ಕಾಯಿಲೆ ಒಂದೇ, ಮುಖ್ಯ ಔಷಧಿಗಳೂ ಹೆಚ್ಚುಕಡಿಮೆ ಅವೇ. ಆದರೂ ಅಲ್ಲಿ ಉಳಿಯುವ ಜೀವ ಇಲ್ಲಿ ಹೋಗುತ್ತಿದೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ಸುಮಾರು 1 ಲಕ್ಷ 92 ಸಾವಿರ ಹೆಂಗಸರಲ್ಲಿ ಈ ಕಾಯಿಲೆ ಹೊಸದಾಗಿ ಕಾಣಿಸಿಕೊಂಡಿತು, 98 ಸಾವಿರಕ್ಕೂ ಹೆಚ್ಚು ಮಂದಿ ಇದರಿಂದ ತೀರಿಕೊಂಡರು ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. 66 ಎಂಬ ಆ ಅಂಕಿಯಾದರೂ ಇಡೀ ದೇಶದ ಸರಾಸರಿ. ಬೆಂಗಳೂರಿನ ಜಯನಗರದ ಹೆಂಗಸೂ ಅದರೊಳಗಿದ್ದಾಳೆ, ಸುರಪುರ ತಾಲ್ಲೂಕಿನ ತಾಂಡಾದ ಹೆಂಗಸೂ ಇದ್ದಾಳೆ. ಇಬ್ಬರ ಅದೃಷ್ಟವೂ ಒಂದೇ ಎಂದು ನಂಬುವಷ್ಟು ಅಮಾಯಕರು ನಮ್ಮಲ್ಲಿ ಯಾರೂ ಇಲ್ಲ.

ಈ ಮನವಿ ಮೊದಲಿಗೆ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಓದುಗರಿಗೆ: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ. ಅಲ್ಲಿಂದ ಹೊರಟು ಬೆಂಗಳೂರು, ಪುಣೆ, ಹೈದರಾಬಾದ್ ಸೇರಿಕೊಂಡು ಇಂದಿಗೂ ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬರುವವರಿಗೂ ಇದು ಸೇರಬೇಕು. ಕೇಳುತ್ತಿರುವುದು ಒಂದೇ ಸಂಗತಿ. ಎದೆಯಲ್ಲಿ ಗಂಟಾಗಿದೆ ಎಂದು ಒಬ್ಬ ಹೆಂಗಸು ಸರ್ಕಾರಿ ದವಾಖಾನೆಯ ಬಾಗಿಲಿಗೆ ಬಂದ ದಿನದಿಂದ ಅರವತ್ತು ದಿನದೊಳಗೆ, ಅದು ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಯಾವ ಬಗೆಯದು ಎಂಬ ಪೂರ್ತಿ ಉತ್ತರ ಅವಳ ಕೈಗೆ ಸಿಗಬೇಕು. ಮೂರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು. ಇದು ನನ್ನ ಕಲ್ಪನೆಯ ಗಡುವಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ತನ ಕ್ಯಾನ್ಸರಿಗಾಗಿಯೇ ಒಂದು ಜಾಗತಿಕ ಕಾರ್ಯಕ್ರಮ ಆರಂಭಿಸಿ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಮುಂದೆ ಇಟ್ಟ ಗುರಿ. ಅದರ ಜೊತೆ ಇನ್ನೆರಡು ಗುರಿಗಳಿವೆ: ನೂರರಲ್ಲಿ 60 ರೋಗಿಗಳಾದರೂ ಮೊದಲ ಅಥವಾ ಎರಡನೆಯ ಹಂತದಲ್ಲೇ ಪತ್ತೆಯಾಗಬೇಕು, ಶುರುವಾದ ಚಿಕಿತ್ಸೆಯನ್ನು ನೂರರಲ್ಲಿ 80 ಮಂದಿಯಾದರೂ ಮುಗಿಸಬೇಕು. ನಮ್ಮ ಜಿಲ್ಲೆಗಳಲ್ಲಿ ಈ ಮೂರು ಅಂಕಿಗಳು ಎಷ್ಟಿವೆ ಎಂದು ಯಾರಾದರೂ ಸಭೆಯಲ್ಲಿ ಕೇಳಿದ್ದನ್ನು ನಾನು ಕೇಳಿಲ್ಲ. ಕೇಳೋಣ ಎಂದೇ ಬರೆಯುತ್ತಿದ್ದೇನೆ.

ದಿನಗಳು ಎಲ್ಲೆಲ್ಲಿ ಸೋರಿಹೋಗುತ್ತವೆ ಎಂಬುದನ್ನು ಒಮ್ಮೆ ಹಿಂದೆ ಬಿದ್ದು ನೋಡಬೇಕು. ಮೊದಲ ಸೋರಿಕೆ ಮನೆಯೊಳಗೇ. ಈ ಗಂಟು ಹೆಚ್ಚಿನ ಸಲ ನೋಯುವುದಿಲ್ಲ, ಅದೇ ಅದರ ಮೋಸ. ಕಾಲಿಗೆ ಮುಳ್ಳು ಚುಚ್ಚಿದರೂ ಹೊಲದ ಕೆಲಸ ನಿಲ್ಲುತ್ತದೆ, ನೋಯದ ಗಂಟಿಗೆ ಯಾರು ಒಂದು ದಿನದ ಕೂಲಿ ಬಿಡುತ್ತಾರೆ? "ನೋವಿಲ್ಲಲ್ಲ, ಬಿಡವಾ" ಎಂದು ಅತ್ತೆಯೋ ನೆರೆಮನೆಯವರೋ ಹೇಳುತ್ತಾರೆ. ಹತ್ತಿ ಬಿಡಿಸೋದು ಮುಗಿಯಲಿ ಎಂದಾಗುತ್ತದೆ, ಆಮೇಲೆ ಮೆಣಸಿನಕಾಯಿ ಬರುತ್ತದೆ, ಅದು ಮುಗಿಯುವುದರೊಳಗೆ ಮನೆಯ ಅರ್ಧ ಜನ ಗುಳೆ ಹೊರಟಿರುತ್ತಾರೆ. ಗುಳೆ ಹೋದವಳು ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲೂ ಸಿಗುವುದಿಲ್ಲ, ಹೋದ ಊರಿನ ಕಟ್ಟಡದ ಶೆಡ್ಡಿನಲ್ಲಿ ಅವಳನ್ನು ಕೇಳುವವರೂ ಇಲ್ಲ. ಇದರ ಮೇಲೆ ನಾಚಿಕೆ. ಗಂಡು ಡಾಕ್ಟರ ಮುಂದೆ ಕುಪ್ಪಸ ಬಿಚ್ಚಬೇಕು ಎಂಬ ಸಂಕಟವನ್ನು ಹಗುರವಾಗಿ ಕಾಣಬಾರದು. ಅದಕ್ಕಿಂತ ದೊಡ್ಡದು ಇನ್ನೊಂದಿದೆ: ತಾಯಿಗೆ ಈ ಕಾಯಿಲೆ ಎಂದು ಗೊತ್ತಾದರೆ ಮಗಳ ಲಗ್ನ ಆಗುವುದು ಹೇಗೆ ಎಂಬ ಹೆದರಿಕೆ. ಆ ಹೆದರಿಕೆಯಿಂದ ಗಂಟನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡ ತಾಯಂದಿರು ನಮ್ಮ ಊರೂರಲ್ಲಿ ಇದ್ದಾರೆ.

ನಮ್ಮ ದೇಶದಲ್ಲಿ ಈ ಕಾಯಿಲೆ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ, ನಲವತ್ತು ಐವತ್ತರ ಆಸುಪಾಸಿನಲ್ಲೇ ಬರುವುದು ಹೆಚ್ಚು. ಅಂದರೆ ಮಕ್ಕಳಿನ್ನೂ ಓದುತ್ತಿರುವ, ಸಾಲ ತೀರದ, ಮನೆ ಅವಳ ಕೂಲಿಯ ಮೇಲೇ ನಿಂತಿರುವ ವಯಸ್ಸು.

ಎರಡನೆಯ ಸೋರಿಕೆ ಹತ್ತಿರದ ಡಾಕ್ಟರ ಹತ್ತಿರ. ಒಂದು ಇಂಜೆಕ್ಷನ್ನು, ಐದು ದಿನದ ಗುಳಿಗೆ, ಹಚ್ಚಲು ಮುಲಾಮು. ಕೂಸಿಗೆ ಹಾಲು ಕೊಡುವವಳಾದರೆ "ಹಾಲಿನ ಗಂಟು, ಕರಗುತ್ತದೆ" ಎಂಬ ಮಾತು. ಬಹುಪಾಲು ಗಂಟುಗಳು ಕ್ಯಾನ್ಸರ್ ಅಲ್ಲ ಎಂಬುದು ನಿಜ, ಹಾಗಾಗಿ ಆ ಮಾತು ಹಲವು ಸಲ ನಿಜವೂ ಆಗುತ್ತದೆ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಕಣ್ಣಳತೆಯಲ್ಲಿ ಹೇಳಲು ಯಾವ ಡಾಕ್ಟರಿಗೂ ಸಾಧ್ಯವಿಲ್ಲ. ಎರಡು ವಾರದಲ್ಲಿ ಕರಗದ ಗಂಟನ್ನು ಸೂಜಿ ಹಾಕಿ ಪರೀಕ್ಷಿಸಲೇಬೇಕು.

ಇಲ್ಲೇ ಒಂದು ದೊಡ್ಡ ಅನಾಹುತ ನಡೆಯುತ್ತದೆ, ಅದರ ಬಗ್ಗೆ ನಾವು ಸಾಕಷ್ಟು ಮಾತಾಡುತ್ತಿಲ್ಲ. "ಸಣ್ಣ ಗಂಟು, ತೆಗೆದುಬಿಡೋಣ" ಎಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಮಾಡಿ, ತೆಗೆದ ಗಂಟನ್ನು ಲ್ಯಾಬಿಗೆ ಕಳಿಸದೆ ಎಸೆಯುವುದು. ಕ್ಯಾನ್ಸರ್ ತಜ್ಞರು ಇದನ್ನು ಕಂಡು ಕಂಡು ನೊಂದಿದ್ದಾರೆ. ಕೆಲವು ತಿಂಗಳ ಮೇಲೆ ಅದೇ ಜಾಗದಲ್ಲಿ ಮತ್ತೆ ಗಂಟೆದ್ದಾಗ ಮೊದಲಿನದು ಏನಾಗಿತ್ತು, ಎಷ್ಟು ದೊಡ್ಡದಿತ್ತು, ಯಾವ ಬಗೆಯದಿತ್ತು ಎಂಬುದಕ್ಕೆ ಸಾಕ್ಷಿಯೇ ಉಳಿದಿರುವುದಿಲ್ಲ. ಲ್ಯಾಬಿಗೆ ಕಳಿಸಿದರೂ ಕೆಲವೆಡೆ ಸಲೈನಿನಲ್ಲಿ ಹಾಕಿ ಕಳಿಸುತ್ತಾರೆ. ಹಾಗೆ ಮಾಡಿದರೆ ಅಂಗಾಂಶ ಕೆಡುತ್ತದೆ. ಅದನ್ನು ಶೇ 10ರ ಫಾರ್ಮಲಿನ್‌ನಲ್ಲೇ ಇಡಬೇಕು, ಇಲ್ಲದಿದ್ದರೆ ಮುಂದೆ ಯಾವ ಔಷಧಿ ಕೆಲಸ ಮಾಡುತ್ತದೆ ಎಂದು ಹೇಳುವ ಹಾರ್ಮೋನ್ ಮತ್ತು ಹರ್-2 ಪರೀಕ್ಷೆಗಳ ಫಲಿತಾಂಶವನ್ನು ನಂಬುವ ಹಾಗಿಲ್ಲ. ಹೆಂಗಸಿನ ಮುಂದಿನ ಐದು ವರ್ಷದ ಚಿಕಿತ್ಸೆ ನಿಂತಿರುವುದು ಆ ಒಂದು ತುಣುಕು ಮಾಂಸದ ಮೇಲೆ. ನಮ್ಮ ಭಾಗದ ಸರ್ಜನ್ನರಲ್ಲಿ, ನರ್ಸಿಂಗ್ ಹೋಮಿನ ಮಾಲೀಕರಲ್ಲಿ ನನ್ನ ಕಳಕಳಿಯ ವಿನಂತಿ: ಸೂಜಿ ಪರೀಕ್ಷೆ ಆಗದೆ ಎದೆಯ ಗಂಟಿಗೆ ಕತ್ತಿ ಹಾಕಬೇಡಿ. ತೆಗೆದದ್ದನ್ನು ಎಸೆಯಲೇಬೇಡಿ. ರೋಗಿಯ ಮನೆಯವರಲ್ಲೂ ವಿನಂತಿ: ರಿಪೋರ್ಟಿನ ಜೊತೆಗೆ ಸ್ಲೈಡುಗಳನ್ನೂ, ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಅವು ನಿಮ್ಮವೇ. ದೊಡ್ಡ ಆಸ್ಪತ್ರೆಗೆ ಹೋಗುವಾಗ ಅವು ಕೈಯಲ್ಲಿದ್ದರೆ ಪರೀಕ್ಷೆ ಮತ್ತೆ ಮೊದಲಿನಿಂದ ಮಾಡುವ ಕಷ್ಟ ಎಷ್ಟೋ ಸಲ ತಪ್ಪುತ್ತದೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದಕ್ಕೆ ಆಧಾರವಿಲ್ಲ. ಪರೀಕ್ಷೆ ಮಾಡಿಸದೆ ಕಳೆಯುವ ತಿಂಗಳುಗಳಲ್ಲಿ ಮಾತ್ರ ಅದು ಹರಡಬಹುದು.

ಮೂರನೆಯದು ಜಿಲ್ಲಾ ಕೇಂದ್ರದಲ್ಲಿ. ರಾಯಚೂರು, ಕಲಬುರಗಿ, ಬೀದರ್, ಕೊಪ್ಪಳ, ಯಾದಗಿರಿ, ಬಳ್ಳಾರಿ ಎಲ್ಲ ಕಡೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಸರ್ಜರಿ ವಿಭಾಗವಿದೆ, ಪೆಥಾಲಜಿ ವಿಭಾಗವಿದೆ, ಸ್ಕ್ಯಾನಿಂಗ್ ಇದೆ. ಆದರೆ ಮೂರೂ ಒಂದೇ ದಿನ ಅವಳಿಗಾಗಿ ತೆರೆದಿರುವುದಿಲ್ಲ. ಸೋಮವಾರ ಚೀಟಿ ಮಾಡಿಸಿ ತೋರಿಸಬೇಕು, ಸ್ಕ್ಯಾನಿಂಗಿಗೆ ಗುರುವಾರ ಬಾ ಎನ್ನುತ್ತಾರೆ, ಸೂಜಿ ಪರೀಕ್ಷೆಗೆ ಮುಂದಿನ ವಾರ, ರಿಪೋರ್ಟಿಗೆ ಅದರ ಮುಂದಿನ ವಾರ. ಮಾನ್ವಿಯಿಂದಲೋ ದೇವದುರ್ಗದಿಂದಲೋ ಬರುವವಳಿಗೆ ಪ್ರತಿ ಬಾರಿಯೂ ಒಂದು ದಿನದ ಕೂಲಿ, ಜೊತೆಗೆ ಬಂದವರ ಇನ್ನೊಂದು ಕೂಲಿ. ಮೂರನೆಯ ಸಲಕ್ಕೆ ಅವಳು ಬರುವುದಿಲ್ಲ. ಬರಲಿಲ್ಲ ಏಕೆ ಎಂದು ಕೇಳಲು ಆಸ್ಪತ್ರೆಯಿಂದ ಒಂದು ಫೋನೂ ಹೋಗುವುದಿಲ್ಲ. ಬೇಸರವಾಗಿ ಹೊರಗಿನ ಲ್ಯಾಬಿಗೆ ಹೋದವರು ಕೈಯಿಂದ ದುಡ್ಡು ಕಟ್ಟುತ್ತಾರೆ. ಕಾಯಿಲೆ ಖಚಿತವಾಗುವ ಮುಂಚೆಯೇ ಸಾಲ ಶುರುವಾಗುವುದು ಹೀಗೆ.

ಆಮೇಲೆ ದಾರಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ರಾಜ್ಯದ ಬಡ ರೋಗಿಗಳ ದೊಡ್ಡ ಆಸರೆ, ಕಲಬುರಗಿಯಲ್ಲಿ ಅದರದೇ ಶಾಖಾ ಕೇಂದ್ರವಿದೆ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯನ್ನು ಉತ್ತರ ಕರ್ನಾಟಕ ದಶಕಗಳಿಂದ ನೆಚ್ಚಿಕೊಂಡಿದೆ. ಆದರೂ ರಾಯಚೂರಿನಿಂದ ಬೆಂಗಳೂರು 400 ಕಿಲೋಮೀಟರಿಗೂ ಹೆಚ್ಚು, ಬೀದರಿನಿಂದ ಸುಮಾರು 700. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ಫೈಲು ಎದೆಗೊತ್ತಿಕೊಂಡು ಕೂತ ಹೆಂಗಸರನ್ನು ಈ ಭಾಗದ ಯಾವ ಪ್ರಯಾಣಿಕರೂ ನೋಡದೆ ಇರಲಾರರು. ಬೀದರಿನವರು ಹೈದರಾಬಾದಿಗೆ, ಕಲಬುರಗಿಯ ಪಶ್ಚಿಮದವರು ಸೊಲ್ಲಾಪುರಕ್ಕೆ, ಬಾರ್ಶಿಗೆ ಹೋಗುವುದು ಹತ್ತಿರ ಎಂಬ ಕಾರಣಕ್ಕೆ. ಗಡಿ ದಾಟಿದರೆ ಭಾಷೆ ಬೇರೆ, ಕಾಗದಪತ್ರ ಬೇರೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಹೆಂಗಸರ ಬಸ್ಸಿನ ಖರ್ಚು ಇಲ್ಲವಾಯಿತು. ರೋಗಿಗಳ ಮಟ್ಟಿಗೆ ಇದು ಎಷ್ಟು ದೊಡ್ಡ ಉಪಕಾರ ಎಂದು ನಾವು ಲೆಕ್ಕ ಹಾಕಿಯೇ ಇಲ್ಲ. ಆದರೆ ಅದು ಗಡಿಯಲ್ಲಿ ನಿಲ್ಲುತ್ತದೆ, ಜೊತೆಗೆ ಬರುವ ಗಂಡನಿಗೋ ಮಗನಿಗೋ ಅನ್ವಯಿಸುವುದಿಲ್ಲ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರನಿಗೆ ಶೇ 75 ರಿಯಾಯಿತಿ ಇದೆ. ಆಸ್ಪತ್ರೆಯ ಡಾಕ್ಟರು ನಿಗದಿತ ನಮೂನೆಯಲ್ಲಿ ಸಹಿ ಮಾಡಿಕೊಡಬೇಕು. ಈ ಒಂದು ಕಾಗದದ ವಿಷಯ ಗೊತ್ತಿಲ್ಲದೆ ಜನರಲ್ ಡಬ್ಬಿಯಲ್ಲಿ ನಿಂತು ಬಂದವರೆಷ್ಟೋ.

ಇಷ್ಟೆಲ್ಲ ಹೇಳಿದ ಮೇಲೆ "ಬಡ ಜಿಲ್ಲೆ, ಏನು ಮಾಡುವುದು" ಎಂಬ ಉಸಿರೊಂದು ಬರುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ನಮ್ಮದೇ ಜಿಲ್ಲೆಗಳ ಪುರಾವೆ ಇದೆ.

2010ರಲ್ಲಿ ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ಜಾರಿಗೆ ತಂದದ್ದು ಉತ್ತರ ಕರ್ನಾಟಕದಲ್ಲಿ. ಬಿಪಿಎಲ್ ಕುಟುಂಬಗಳಿಗೆ ಕ್ಯಾನ್ಸರ್, ಹೃದಯ, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತ. ಯೋಜನೆ ಬಂದ 300 ಹಳ್ಳಿಗಳನ್ನೂ, ಗಡಿಯಾಚೆ ಇನ್ನೂ ಬಾರದಿದ್ದ 272 ಹಳ್ಳಿಗಳನ್ನೂ ಹೋಲಿಸಿ ಸಂಶೋಧಕರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯೋಜನೆಯಡಿ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು, ಯೋಜನೆ ಇದ್ದ ಹಳ್ಳಿಗಳಲ್ಲಿ ಶೇ 64ರಷ್ಟು ಕಡಿಮೆ ಇತ್ತು. ಜಗತ್ತಿನ ಆರೋಗ್ಯ ತಜ್ಞರು ಈ ಅಧ್ಯಯನವನ್ನು ಎತ್ತಿ ಹೇಳುತ್ತಾರೆ, ನಮಗೆ ಮಾತ್ರ ಮರೆತಿದೆ. ಯೋಜನೆ ಬರೀ ಬಿಲ್ಲು ಕಟ್ಟಿ ಸುಮ್ಮನಿರಲಿಲ್ಲ. ಹಳ್ಳಿಗಳ ಕಡೆ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಿತು, ಅವರನ್ನು ನಗರದ ಆಸ್ಪತ್ರೆಗೆ ಕರೆದೊಯ್ಯುವ ಏರ್ಪಾಡು ಮಾಡಿತು, ಅಲ್ಲಿ ದಾರಿ ತೋರಿಸಲು ಆರೋಗ್ಯ ಮಿತ್ರರನ್ನು ಇಟ್ಟಿತು. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅದರ ಜಾಗದಲ್ಲಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಆದರೆ ಹಣದ ಕಾರ್ಡು ಕೈಯಲ್ಲಿದ್ದು ಕೈಹಿಡಿದು ನಡೆಸುವವರು ಇಲ್ಲದಿದ್ದರೆ, ರೆಫರಲ್ ಚೀಟಿ ಯಾವ ಕೊಠಡಿಯಲ್ಲಿ ಸಿಗುತ್ತದೆ ಎಂದು ತಿಳಿಯದೆಯೇ ಜನ ಮನೆಗೆ ಮರಳುತ್ತಾರೆ.

ಇನ್ನೊಂದು ಪುರಾವೆ ಮುಂಬೈಯದು. ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿ ಇಪ್ಪತ್ತು ವರ್ಷ ನಡೆಸಿದ ಅಧ್ಯಯನದಲ್ಲಿ ಒಂದೂವರೆ ಲಕ್ಷ ಹೆಂಗಸರಿದ್ದರು. ಮ್ಯಾಮೊಗ್ರಾಫಿ ಯಂತ್ರವಿಲ್ಲ. ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರಿಗೈಯಲ್ಲಿ ಎದೆ ಮುಟ್ಟಿ ಪರೀಕ್ಷೆ ಮಾಡಿದರು. ಹಾಗೆ ಪರೀಕ್ಷೆಯಾದವರಲ್ಲಿ ಬಲಿತ ಹಂತದ ಕ್ಯಾನ್ಸರ್ ಶೇ 37, ಆಗದವರಲ್ಲಿ ಶೇ 47. ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇ 30ರಷ್ಟು ಇಳಿಯಿತು. ಐವತ್ತರ ಒಳಗಿನವರಲ್ಲಿ ಸಾವಿನ ಪ್ರಮಾಣ ಅಷ್ಟು ಸ್ಪಷ್ಟವಾಗಿ ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಹಾಗಾಗಿ ಆ ವಯಸ್ಸಿನವರ ಮಟ್ಟಿಗೆ ಗಂಟು ಕಂಡ ಕೂಡಲೇ ಪರೀಕ್ಷೆಗೆ ದಾರಿ ತೆರೆದಿರುವುದೇ ಮುಖ್ಯ. ಕೋಟಿಗಟ್ಟಲೆಯ ಯಂತ್ರ ಬರಲಿ, ಆಮೇಲೆ ನೋಡೋಣ ಎಂದು ಯಾರಾದರೂ ಹೇಳಿದರೆ ಅವರ ಮುಂದೆ ಈ ಅಧ್ಯಯನವನ್ನು ಇಡಿ.

ಕೈ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲಿ ಈಗಾಗಲೇ ಇದೆ. ಮೂವತ್ತು ದಾಟಿದ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ಮಾಡಬೇಕೆಂಬ ಮಾರ್ಗಸೂಚಿ 2016ರಿಂದ ಜಾರಿಯಲ್ಲಿದೆ. ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ತುಂಬುವ ಫಾರಂನಲ್ಲಿ ಎದೆಯಲ್ಲಿ ಗಂಟಿದೆಯೇ, ಮೊಲೆತೊಟ್ಟಿನಿಂದ ರಕ್ತ ಬರುತ್ತದೆಯೇ, ಆಕಾರ ಬದಲಾಗಿದೆಯೇ ಎಂಬ ಪ್ರಶ್ನೆಗಳಿವೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ಶೇ 0.9. ನೂರರಲ್ಲಿ ಒಬ್ಬಳೂ ಇಲ್ಲ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲೂ ಸ್ತನ ಕ್ಯಾನ್ಸರ್ ತಪಾಸಣೆ ಸೇರಿದೆ, ಸಂತೋಷ. ಆದರೆ ಅಂಗಳದಲ್ಲಿ ನಿಂತು, ಗಂಡಸರ ಎದುರು, "ಗಂಟು ಗಿಂಟು ಏನಿಲ್ಲಲ್ಲ" ಎಂದು ಕೇಳಿ ಇಲ್ಲ ಎಂದು ಗುರುತು ಹಾಕಿದರೆ ಅದು ತಪಾಸಣೆಯಾಗುವುದಿಲ್ಲ. ಇದಕ್ಕೆ ಆಶಾ ಅಕ್ಕಂದಿರನ್ನು ದೂರುವ ಮನಸ್ಸು ನನಗಿಲ್ಲ. ಬಾಣಂತಿ, ಲಸಿಕೆ, ಕ್ಷಯ, ಸಮೀಕ್ಷೆ ಎಲ್ಲದರ ಭಾರವೂ ಅವರ ಹೆಗಲ ಮೇಲೆ. ತಿಂಗಳಿಗೆ 15 ಸಾವಿರ ರೂಪಾಯಿ ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು. ಅವರಿಂದ ನಮ್ಮ ಹೆಂಗಸರ ಜೀವ ಉಳಿಸುವ ಕೆಲಸ ಕೇಳುವವರು ಅವರ ಬೇಡಿಕೆಯ ಜೊತೆಗೂ ನಿಲ್ಲಬೇಕು.

ಚಿಕಿತ್ಸೆಯ ವಿಷಯದಲ್ಲಂತೂ ಬಡ ಪ್ರದೇಶಗಳಿಗೆ ಅನುಕೂಲವಾದ ಸುದ್ದಿಯೇ ಹೆಚ್ಚು. ಹಾರ್ಮೋನಿಗೆ ಸ್ಪಂದಿಸುವ ಕ್ಯಾನ್ಸರಿಗೆ ಐದು ವರ್ಷ ತೆಗೆದುಕೊಳ್ಳುವ ಟಾಮಾಕ್ಸಿಫೆನ್ ಗುಳಿಗೆ ಸಾವಿನ ಅಪಾಯವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ. ಅದರ ಬೆಲೆ ದಿನಕ್ಕೆ ಕೆಲವೇ ರೂಪಾಯಿ. ಹರ್-2 ಬಗೆಯ ಕ್ಯಾನ್ಸರಿಗೆ ಬೇಕಾದ ಟ್ರಾಸ್ಟುಜುಮಾಬ್ ಒಂದು ಕಾಲಕ್ಕೆ ಬಡವರ ಕನಸಿಗೂ ನಿಲುಕುತ್ತಿರಲಿಲ್ಲ. ಬೆಂಗಳೂರಿನ ಬಯೋಕಾನ್ ಕಂಪನಿ 2014ರಲ್ಲಿ ಅದರ ಅಗ್ಗದ ರೂಪವನ್ನು ಮಾರುಕಟ್ಟೆಗೆ ತಂದಿತು, ಮುಂದೆ ಅಮೆರಿಕಕ್ಕೂ ಅದು ಇಲ್ಲಿಂದಲೇ ಹೋಯಿತು. ನಮ್ಮ ರಾಜ್ಯದಲ್ಲೇ ತಯಾರಾಗುವ ಔಷಧಿ ನಮ್ಮ ರಾಜ್ಯದವಳಿಗೆ ಸಿಗಬೇಕಾದರೆ ಮೊದಲು ಹರ್-2 ಪರೀಕ್ಷೆ ಆಗಬೇಕು; ಫಾರ್ಮಲಿನ್ ಡಬ್ಬಿಯ ಮಾತನ್ನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ನಮ್ಮ ಜನ "ಕರೆಂಟ್ ಕೊಡೋದು" ಎನ್ನುವ ವಿಕಿರಣ ಚಿಕಿತ್ಸೆಗೆ ಮೊದಲು ಐದು ವಾರ ಊರು ಬಿಟ್ಟು ಇರಬೇಕಿತ್ತು. ಈಗ ಬಹಳಷ್ಟು ಮಂದಿಗೆ ಮೂರು ವಾರ ಸಾಕು, ಆಯ್ದ ರೋಗಿಗಳಿಗೆ ಒಂದೇ ವಾರದಲ್ಲಿ ಐದು ಸಲ ಕೊಟ್ಟರೂ ಫಲಿತಾಂಶ ಅಷ್ಟೇ ಚೆನ್ನಾಗಿದೆ ಎಂದು 2020ರಲ್ಲಿ ಬ್ರಿಟನ್ನಿನ ಅಧ್ಯಯನ ತೋರಿಸಿದೆ. ಧರ್ಮಶಾಲೆಯಲ್ಲಿ ಜಾಗ ಸಿಗದೆ ಆಸ್ಪತ್ರೆಯ ಕಾರಿಡಾರಿನಲ್ಲಿ ಮಲಗುವವರಿಗೆ ಹೀಗೆ ಉಳಿಯುವ ಎರಡು ವಾರ ಎಂದರೆ ಏನೆಂದು ಹೇಳಬೇಕಿಲ್ಲ. ಟಾಟಾ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ನಮ್ಮ ಸರ್ಜನ್ನರು ದಯವಿಟ್ಟು ಓದಬೇಕು: ಆಪರೇಷನ್ನಿಗೆ ಕೆಲವು ನಿಮಿಷ ಮೊದಲು ಗಂಟಿನ ಸುತ್ತ ಮರಗಟ್ಟಿಸುವ ಸಾಮಾನ್ಯ ಲಿಡೊಕೇನ್ ಚುಚ್ಚಿದವರಲ್ಲಿ ಐದು ವರ್ಷದ ಮೇಲೆ ಬದುಕಿದ್ದವರು ಶೇ 90, ಚುಚ್ಚದವರಲ್ಲಿ ಶೇ 86. ಆ ಔಷಧಿ ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಇಲ್ಲ?

ಕೀಮೋ ಹತ್ತಿರಕ್ಕೆ ಬರುತ್ತಿದೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾಸ್ಪತ್ರೆಗಳಲ್ಲಿ ಹಗಲು ಹೊತ್ತಿನ ಕೀಮೋ ಕೇಂದ್ರಗಳನ್ನು ಆರಂಭಿಸಿತು. ಅದೇ ವರ್ಷದ ಕೇಂದ್ರ ಬಜೆಟ್ಟು ಮೂರು ವರ್ಷದಲ್ಲಿ ದೇಶದ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಇಂಥ ಕೇಂದ್ರ ತೆರೆಯುವ ಮಾತು ಕೊಟ್ಟಿದೆ. ಮೂರು ವಾರಕ್ಕೊಮ್ಮೆ, ಆರೆಂಟು ಸಲ ಕೀಮೋ ತೆಗೆದುಕೊಳ್ಳಬೇಕಾದವಳು ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆಗೆ ಬರುವಂತಾದರೆ ಚಿಕಿತ್ಸೆ ಅರ್ಧಕ್ಕೆ ಬಿಡುವವರು ಖಂಡಿತ ಕಡಿಮೆಯಾಗುತ್ತಾರೆ. ಆ ಕೇಂದ್ರ ನಿಮ್ಮ ಜಿಲ್ಲೆಗೆ ಬಂದಿದೆಯೇ, ಬಂದಿದ್ದರೆ ಔಷಧಿ ಇದೆಯೇ, ತರಬೇತಾದ ನರ್ಸ್ ಇದ್ದಾರೆಯೇ, ಒಮ್ಮೆ ಹೋಗಿ ನೋಡಿ ಬನ್ನಿ.

ಈಗ ಕೆಲಸಕ್ಕೆ ಬರೋಣ.

ಪಂಚಾಯಿತಿ ಸದಸ್ಯರೇ, ಶಾಸಕರೇ: ಕೆಡಿಪಿ ಸಭೆಯಲ್ಲಿ ರಸ್ತೆ, ಕುಡಿಯುವ ನೀರಿನ ಜೊತೆ ಈ ಪ್ರಶ್ನೆಯನ್ನೂ ಎತ್ತಿ. ಕಳೆದ ಮೂರು ತಿಂಗಳಲ್ಲಿ ಎದೆಗಂಟು ಎಂದು ಬಂದವರೆಷ್ಟು, ಸೂಜಿ ಪರೀಕ್ಷೆ ಆದವರೆಷ್ಟು, ರಿಪೋರ್ಟಿಗೆ ಎಷ್ಟು ದಿನ ಹಿಡಿಯಿತು, ಚಿಕಿತ್ಸೆ ಶುರುವಾದವರೆಷ್ಟು, ನಡುವೆ ಬಿಟ್ಟವರೆಷ್ಟು. ಐದೇ ಅಂಕಿ. ಇವನ್ನು ಜಿಲ್ಲಾ ಆರೋಗ್ಯಾಧಿಕಾರಿ ಪ್ರತಿ ಸಭೆಗೂ ತರಬೇಕು, ಆಸ್ಪತ್ರೆಯ ಫಲಕದ ಮೇಲೂ ಹಾಕಬೇಕು. ವೈದ್ಯಕೀಯ ಕಾಲೇಜಿನ ನಿರ್ದೇಶಕರಲ್ಲಿ ಕೇಳಬೇಕಾದದ್ದು ಇನ್ನೂ ಸರಳ: ವಾರದಲ್ಲಿ ಒಂದು ದಿನ ಎದೆಗಂಟಿಗೆಂದೇ ಮೀಸಲಿಡಿ. ಆ ದಿನ ಹೆಣ್ಣು ಡಾಕ್ಟರು ಇರಲಿ, ಸ್ಕ್ಯಾನಿಂಗೂ ಸೂಜಿ ಪರೀಕ್ಷೆಯೂ ಒಂದೇ ಹೊತ್ತಿನಲ್ಲಿ ಮುಗಿಯಲಿ, ರೆಫರಲ್ ಚೀಟಿ ಅಲ್ಲೇ ಸಿಗಲಿ, ಬಾರದವರಿಗೆ ಫೋನ್ ಮಾಡಲು ಒಬ್ಬರನ್ನು ನೇಮಿಸಿ. ಇದಕ್ಕೆ ಹೊಸ ಕಟ್ಟಡ ಬೇಡ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಸಾವಿರಾರು ಕೋಟಿ ರೂಪಾಯಿ ಈ ಜಿಲ್ಲೆಗಳಿಗೆ ಬರುತ್ತಿದೆ. ಅದರಲ್ಲಿ ಇಂಥ ಒಂದು ಹುದ್ದೆಗೆ ಜಾಗವಿಲ್ಲ ಎಂದರೆ ನಂಬಲಾಗದು.

ಪತ್ರಕರ್ತರು, ವಕೀಲರು, ಕಾಲೇಜು ಹುಡುಗ ಹುಡುಗಿಯರು ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಮೇಲಿನ ಐದು ಅಂಕಿಗಳನ್ನೇ ಕೇಳಿ. "ಇಂಥ ಮಾಹಿತಿ ನಮ್ಮಲ್ಲಿ ಲಭ್ಯವಿಲ್ಲ" ಎಂಬ ಉತ್ತರ ಬಂದರೆ ಅದನ್ನೂ ಅಚ್ಚು ಹಾಕಿ.

ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳ ಅಕ್ಕಂದಿರೇ, ನಿಮ್ಮ ಮೇಲೆ ನನಗೆ ಬಹಳ ಭರವಸೆ. ಪ್ರತಿ ಸಂಘದಿಂದ ಒಬ್ಬಿಬ್ಬರು ಮುಂದೆ ಬನ್ನಿ. ಗಂಟಿರುವ ಹೆಂಗಸಿನ ಜೊತೆ ಆಸ್ಪತ್ರೆಗೆ ಹೋಗುವುದು, ಚೀಟಿ ಮಾಡಿಸುವುದು, ರಿಪೋರ್ಟು ತರುವುದು, ಕೀಮೋ ತಾರೀಖು ತಪ್ಪದ ಹಾಗೆ ನೋಡುವುದು. ಬಸ್ಸು ನಿಮಗೂ ಉಚಿತ, ಅವಳಿಗೂ ಉಚಿತ. ಆಸ್ಪತ್ರೆಯ ಕಿಟಕಿಯ ಮುಂದೆ ಒಬ್ಬಳೇ ನಿಂತವಳಿಗೆ ಸಿಗುವ ಉತ್ತರಕ್ಕೂ, ಇಬ್ಬರು ಮೂವರು ನಿಂತಾಗ ಸಿಗುವ ಉತ್ತರಕ್ಕೂ ಎಷ್ಟು ವ್ಯತ್ಯಾಸ ಎಂಬುದು ನಿಮಗೇ ಚೆನ್ನಾಗಿ ಗೊತ್ತು.

ಗಂಡಸರಿಗೆ ಒಂದು ಮಾತು. ಹೆಂಡತಿಯ ಎದೆಯ ಗಂಟು ನಿಮ್ಮ ಮನೆಯ ವಿಷಯ, ಅವಳೊಬ್ಬಳ ವಿಷಯವಲ್ಲ. ಕೂದಲು ಉದುರಿದಾಗ, ಒಂದು ಮೊಲೆ ತೆಗೆದಾಗ, ಅವಳನ್ನು ತವರಿಗೆ ಕಳಿಸಿ ಕೈತೊಳೆದುಕೊಂಡವರಿದ್ದಾರೆ. ಎತ್ತು ಮಾರಿ, ಹೊಲ ಒತ್ತೆ ಇಟ್ಟು ಹೆಂಡತಿಯನ್ನು ಉಳಿಸಿಕೊಂಡವರೂ ಇದ್ದಾರೆ. ಎತ್ತು ಮಾರುವ ಹೊತ್ತು ಬರುವ ಮುಂಚೆಯೇ, ಗಂಟು ಸಣ್ಣದಿರುವಾಗಲೇ ಕರೆದುಕೊಂಡು ಹೋಗಿ.

ಬೆಂಗಳೂರಿನಲ್ಲಿರುವ ನಮ್ಮ ಕಡೆಯವರೇ, ಊರಿನಿಂದ ಕಿದ್ವಾಯಿಗೆ ಬರುವವರು ಮೊದಲ ಸಲ ಬಂದಿಳಿದಾಗ ನಿಲ್ದಾಣಕ್ಕೆ ಹೋಗಿ ಕರೆತಂದು, ಮೊದಲ ದಿನದ ಸರದಿಯಲ್ಲಿ ಜೊತೆಗೆ ನಿಲ್ಲುವ ಒಂದು ಸಣ್ಣ ಗುಂಪು ಪ್ರತಿ ಜಿಲ್ಲೆಯ ಹೆಸರಲ್ಲಿ ಕಟ್ಟಲು ಸಾಧ್ಯವಿಲ್ಲವೇ? ವರ್ಷಕ್ಕೊಮ್ಮೆ ಸಮ್ಮೇಳನ ಮಾಡುವ ಸಂಘಗಳು ನಮ್ಮಲ್ಲಿ ಬೇಕಾದಷ್ಟಿವೆ. ಈ ಕೆಲಸವನ್ನೂ ಅವು ತಮ್ಮದೆಂದು ತಿಳಿಯಲಿ.

ಕೊನೆಯದಾಗಿ, ಇದನ್ನು ಓದುತ್ತಿರುವ ನಿಮಗೇ ಗಂಟು ಕಂಡಿದ್ದರೆ, ಅಥವಾ ತೊಟ್ಟು ಒಳಗೆ ಎಳೆದುಕೊಂಡಿದ್ದರೆ, ರಕ್ತ ಬರುತ್ತಿದ್ದರೆ, ಚರ್ಮ ಕುಳಿಬಿದ್ದಿದ್ದರೆ, ಕಂಕುಳಲ್ಲಿ ಗಡ್ಡೆ ಕೈಗೆ ಸಿಗುತ್ತಿದ್ದರೆ, ಅಕ್ಕಾ, ಈ ವಾರವೇ ಹೊರಡಿ. ಆಧಾರ್ ಮತ್ತು ಬಿಪಿಎಲ್ ಕಾರ್ಡ್ ಇಟ್ಟುಕೊಳ್ಳಿ. ನಿಮಗೆ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸರ್ಜರಿ ಓಪಿಡಿಗೆ ಬೆಳಿಗ್ಗೆಯೇ ಹೋಗಿ, ಹೆಣ್ಣು ಡಾಕ್ಟರು ಬೇಕು ಎಂದು ಕೇಳಲು ಸಂಕೋಚ ಬೇಡ. ಸೂಜಿ ಪರೀಕ್ಷೆ ಯಾವತ್ತು, ರಿಪೋರ್ಟು ಯಾವತ್ತು ಎಂದು ಕೇಳಿ. ಮೊದಲ ಓಪಿಡಿ ಚೀಟಿಯ ಮೇಲೆ ಆ ದಿನದ ತಾರೀಖು ಸ್ಪಷ್ಟವಾಗಿ ಇರಲಿ, ಅದನ್ನು ಕಳೆದುಕೊಳ್ಳಬೇಡಿ. ಆ ತಾರೀಖಿನಿಂದ ಅರವತ್ತು ದಿನವಾದರೂ ಪೂರ್ತಿ ಉತ್ತರ ಸಿಗದಿದ್ದರೆ ಚೀಟಿ ಹಿಡಿದು ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಗೆ ಹೋಗಿ, ಸಂಘದ ಅಕ್ಕಂದಿರನ್ನು ಜೊತೆಗೆ ಕರೆದುಕೊಂಡು ಹೋಗಿ, ಯಾಕೆ ತಡವಾಯಿತು ಎಂಬುದಕ್ಕೆ ಬರವಣಿಗೆಯಲ್ಲಿ ಉತ್ತರ ಕೇಳಿ.